ಮೂರು ಮಹಡಿ ಇಳಿದ ನೀರು

ಎಂಬತ್ತನಾಲ್ಕರ ಹೋಳಿ ಹುಣ್ಣಿಮೆಯ ಮರುದಿನ ಅಂಬುಜಾ ಮೆಂತ್ಯ ಬಿತ್ತಿದಳು. ನಾಗಪುರದ ಸರಕಾರಿ ಕ್ವಾರ್ಟರ್ಸಿನಲ್ಲಿ ಎರಡು ಕಟ್ಟಡಗಳ ನಡುವೆ ಯಾರಿಗೂ ಬೇಡವಾದ ತುಂಡು ನೆಲವೊಂದಿತ್ತು. ಅದರೊಳಗಿನ ಇಟ್ಟಿಗೆ ಚೂರು ಆರಿಸುವುದಕ್ಕೇ ಅವಳಿಗೆ ಒಂದು ತಿಂಗಳು ಹಿಡಿದಿತ್ತು. ಮೆಂತ್ಯದ ಪಕ್ಕ ನಾಲ್ಕು ಬದನೆ ಸಸಿಯನ್ನೂ ಊರಿದಳು. ಇಲ್ಲಿ ಬೆಳೆಯಬಹುದೇ ಎಂದು ಕ್ವಾರ್ಟರ್ಸಿನ ಇಂಜಿನಿಯರನ್ನು ಮೊದಲೇ ಕೇಳಿದ್ದಳು. ಬೇಡ ಎನ್ನುವ ಆರ್ಡರೂ ಇಲ್ಲ, ಮಾಡಿ ಎನ್ನುವ ಆರ್ಡರೂ ಇಲ್ಲ ಎಂದು ಹಿಂದಿಯಲ್ಲಿ ಹೇಳಿ ಆತ ಸ್ಕೂಟರ್ ಹತ್ತಿದ್ದ.

ಪೇಚಾಟವೆಲ್ಲ ನೀರಿನದು. ಅವಳ ಮನೆ ಮೂರನೇ ಮಹಡಿಯಲ್ಲಿ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲವನ್ನೂ ಬಕೆಟ್ಟಿಗೆ ತುಂಬಿ ದಿನಕ್ಕೆರಡು ಸಲ ಇಳಿಸುತ್ತಿದ್ದಳು. ಕೆಳಗಿನ ಮನೆಯ ಗಂಗೂಬಾಯಿ ಸೊಲ್ಲಾಪುರದ ಕಡೆಯವರು, ನಲ್ಲಿ ಅವರ ಬಾಗಿಲಲ್ಲೇ ಇತ್ತು. ಏಪ್ರಿಲ್ ಬಿಸಿಲಿಗೆ ಸೋತು ಅಂಬುಜಾ ಅವರಲ್ಲಿ ಗಿಡಕ್ಕೆ ನೀರು ಕೇಳಿದಳು.

"ನಮ್ಮ ಕೂಲರ್‌ಗೇ ನೀರ ಸಾಲವಲ್ದು," ಎಂದರು ಗಂಗೂಬಾಯಿ. "ನಿಮಗೊಬ್ಬರಿಗೆ ಕೊಟ್ರ ನಾಳೆ ಎಲ್ಲಾರೂ ಬಕೆಟ್ ಹಿಡಕೊಂಡು ಬರ್ತಾರ್ರಿ."

ಗಂಡ ಉಮಾಪತಿ ಹೆಡ್ ಕ್ಲಾರ್ಕ್. ಅವನ ಸಿಟ್ಟು ಬೇರೆಯೇ. "ಮಣ್ಣಾಗ ದುಡಿಯೂದು ಬ್ಯಾಡ ಅಂತ ನಮ್ಮಪ್ಪ ನನಗ ಸಾಲಿ ಕಲಿಸ್ಯಾನ. ನೀ ನೋಡಿದ್ರ ಸಾಹೇಬರು ಓಡಾಡೂ ದಾರ್ಯಾಗ ಕುರ್ಪಿ ಹಿಡದು ಕುಂತಿ."

ಅಂಬುಜಾ ವಾದ ಮಾಡಲಿಲ್ಲ. ವಾದಕ್ಕೂ ಕಸುವು ಬೇಕಲ್ಲ.

ಮೇ ತಿಂಗಳ ಒಂದು ಸಂಜೆ ಆಫೀಸಿನಿಂದ ಬಂದ ಉಮಾಪತಿ, ಮೆಟ್ಟಿಲ ತಿರುವಿನಲ್ಲಿ ಕೂತ ಹೆಂಡತಿಯನ್ನು ಕಂಡ. ಪಕ್ಕದಲ್ಲಿ ತುಂಬಿದ ಬಕೆಟ್ಟು. ಅವಳು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ಅವನು ಬಕೆಟ್ಟು ಎತ್ತಿಕೊಂಡು ಇಳಿದ. ಬದನೆಗೆ ನೀರು ಸುರಿಯುವಾಗ ಅವನ ಸಾಹೇಬರೇ ಎದುರು ಬಂದರು. ಉಮಾಪತಿ ಒಂದೇ ಕೈಯಲ್ಲಿ ನಮಸ್ಕಾರ ಮಾಡಿದ. ಅವರು ತಲೆಯಾಡಿಸಿ ಮುಂದೆ ಹೋದರು.

ಹಾಗೆ ಐದು ದಿನ ಇಬ್ಬರೂ ಸರದಿಯಲ್ಲಿ ಇಳಿದರು. ಆರನೆಯ ದಿನದಿಂದ ನಲ್ಲಿ ದಿನ ಬಿಟ್ಟು ದಿನ ಬರತೊಡಗಿತು. ಕುಡಿಯುವುದಕ್ಕೇ ತತ್ವಾರ. ಮೆಂತ್ಯ ಎರಡು ಸಲದ ಪಲ್ಯಕ್ಕಾಗಿತ್ತು. ಬದನೆ ಹೂ ಬಿಡುವ ಹೊತ್ತಿಗೇ ಒಣಗಿತು. ಅಂಬುಜಾ ಗಿಡ ಕಿತ್ತು ಗೋಡೆಗೆ ಒರಗಿಸಿದಳು.

"ಮಳೆ ಬಿದ್ದ ಮ್ಯಾಲ ಮತ್ತ ಹಾಕೋಣೇನ?" ಎಂದು ಕೇಳಿದ ಉಮಾಪತಿ.

"ಮಳಿಗಾಲ ಮುಗದ ಮ್ಯಾಲ ಮತ್ತ ಬಕೆಟ್ಟ ಹೊರಬೇಕಲ್ರಿ," ಎಂದಳು ಅಂಬುಜಾ. "ಈಗೇನೂ ಕೇಳಬ್ಯಾಡ್ರಿ."

ಕೈ ತೊಳೆಯುವಷ್ಟೂ ನೀರು ಉಳಿದಿರಲಿಲ್ಲ. ಅಂಗೈಯ ಮಣ್ಣನ್ನು ಹಳೆಯ ಬಟ್ಟೆಗೆ ಒರೆಸಿಕೊಂಡು ಒಲೆ ಹಚ್ಚಿದಳು.