ಬಿಡುವ ಗೆರೆ, ಹಿಡಿಯುವ ಗೆರೆ

ನಮ್ಮ ಅಂಗಡಿ ಸಾಲಿಗೆ ಲೈಟ್ ಬಂತೆಂದರೆ ಮೊದಲು ಮಕ್ಕಳು ಕೂಗುತ್ತವೆ, ಆಮೇಲೆ ನಾನು ಬೈಯುತ್ತೇನೆ. ಲೈಟ್ ಬಂದದ್ದಕ್ಕೆ ಬೈಯುವ ಹೆಂಗಸು ಇಡೀ ಇಬಾದಾನ್ ಊರಿನಲ್ಲಿ ನಾನೊಬ್ಬಳೇ ಇರಬೇಕು. ಆದರೆ ನನ್ನ ಬೈಗುಳ ಲೈಟಿಗಲ್ಲ, ಅಯಿಂಡೆಗೆ.

ಅಯಿಂಡೆ ಫ್ರಿಜ್ ರಿಪೇರಿಯವನು. ಮೊದಲು ನನ್ನ ಜಡೆ ಹೆಣೆಯುವ ಅಂಗಡಿ, ಪಕ್ಕದಲ್ಲಿ ಫ್ರೀಜರ್‌ನಲ್ಲಿಟ್ಟ ಮೀನು ಮಾರುವ ಮೊರೆನಿಕೆಯ ಅಂಗಡಿ, ಅದರಾಚೆ ಅವನದು. ಮೂವರಿಗೂ ಸೇರಿ ಒಂದೇ ಜನರೇಟರ್. ಅದು ಅವನ ಅಂಗಡಿಯ ಹಿಂದೆ ಕೂತು ಗುಡುಗುತ್ತಿದ್ದರೆ ನಾವೆಲ್ಲ ಒಬ್ಬರ ಮೇಲೊಬ್ಬರು ಕಿರುಚಿಕೊಂಡೇ ಮಾತಾಡಬೇಕು. ಅವನ ಗೋಡೆಯಲ್ಲಿ ಒಂದು ಕಬ್ಬಿಣದ ಹಿಡಿ ಇದೆ. ಮೇಲಕ್ಕೆತ್ತಿದರೆ ಕಂಬದ ಲೈಟ್, ಅಂದರೆ ಬೀದಿ ತಂತಿಯ ಕರೆಂಟ್; ಕೆಳಗಿಳಿಸಿದರೆ ಜನರೇಟರ್. ಕಂಬಕ್ಕೆ ಲೈಟ್ ಬಂದಿದೆಯೋ ಇಲ್ಲವೋ ತಿಳಿಯಲೆಂದು ಬಾಗಿಲ ಮೇಲೆ ಒಂದು ಬಲ್ಬ್ ಕಟ್ಟಿಕೊಂಡಿದ್ದಾನೆ.

ಬಲ್ಬ್ ಹೊತ್ತಿದ ಕೂಡಲೇ ಬೇರೆ ಬೀದಿಯವರು ಓಡಿಹೋಗಿ ತಮ್ಮ ತಮ್ಮ ಹಿಡಿ ಎತ್ತುತ್ತಾರೆ. ಎತ್ತಿ ಉಸಿರು ಬಿಡುವಷ್ಟರಲ್ಲಿ ಲೈಟ್ ಹೋಗಿರುತ್ತದೆ, ಮತ್ತೆ ಓಡುತ್ತಾರೆ. ಅಯಿಂಡೆ ಓಡುವವನಲ್ಲ. ಬಲ್ಬ್ ಹೊತ್ತಿತೋ, ಗಾರಿ ಎನ್ನುವ ಹುರಿದ ಮರಗೆಣಸಿನ ತರಿಯ ಡಬ್ಬ ತೆಗೆಯುತ್ತಾನೆ. ಬಟ್ಟಲಿಗೆ ಎರಡು ಹಿಡಿ ಸುರಿದು, ತಣ್ಣೀರು ಹೊಯ್ದು, ಸಕ್ಕರೆ, ಕಡಲೆಕಾಯಿ ಬೀಜ ಹಾಕಿ, ಅದು ಉಬ್ಬುವವರೆಗೆ ಕಾದು ತಿನ್ನಲು ಕೂರುತ್ತಾನೆ. ಬಟ್ಟಲು ಖಾಲಿಯಾದಾಗಲೂ ಬಲ್ಬ್ ಉರಿಯುತ್ತಿದ್ದರೆ ಎದ್ದು ಹಿಡಿ ಎತ್ತುತ್ತಾನೆ. ಒಮ್ಮೆ ಎತ್ತಿದ ಮೇಲೆ ಬಲ್ಬ್ ಮಂಕಾಗಿ ಕೆಂಪಗೆ ಕೆಂಡದ ಹಾಗಾಗುವವರೆಗೂ ಇಳಿಸುವುದಿಲ್ಲ. ಅವನು ತಿಂದು ಮುಗಿಸುವಷ್ಟು ಹೊತ್ತು ನಾವೆಲ್ಲ ಅವನ ದವಡೆ ಆಡುವುದನ್ನೇ ನೋಡುತ್ತ ಕೂರಬೇಕು. ನಾನು ತಾಳ್ಮೆಗೆ ಹೆಸರಾದವಳಲ್ಲ.

ಮೊರೆನಿಕೆಯಂತೂ ನನಗಿಂತ ಒಂದು ಕೈ ಮೇಲೆ. ಚೂಪು ಮೂಗು, ಚೂಪು ಬಾಯಿ, ಬೆಣ್ಣೆಯಂಥ ಮನಸ್ಸು. ಅವಳ ಮೇಲೆ ಅಯಿಂಡೆಗೆ ಜೀವ. ಅವಳಿಗೂ ಅವನ ಮೇಲೆ ಜೀವವೇ, ಬೆಳಿಗ್ಗೆ ಇದ್ದದ್ದು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ ಅಷ್ಟೆ. ಅವಳು ಒಪ್ಪಿದಳೆಂದು ಅವನ ಕಡೆಯ ಹಿರಿಯರು ಯಾಮ್ ಗೆಡ್ಡೆ ಹೊತ್ತು ಹೆಣ್ಣು ಕೇಳಲು ಬಂದರು. ಅವಳ ತಲೆವಸ್ತ್ರ ಡಿಶ್ ಆಂಟೆನಾ ಥರ ಇದೆ ಎಂದು ಅಯಿಂಡೆಯ ಅಕ್ಕ ಸಿಕಿರಾತ್ ನಕ್ಕಳು. ಮೊರೆನಿಕೆ ಅಲ್ಲೇ ಬೇಡ ಎಂದಳು. ಸಂಜೆಗೆ ಅಯಿಂಡೆ ಬಂದು ಕೆಟ್ಟ ಫ್ಯಾನ್ ಸರಿಮಾಡಿ ಕೊಟ್ಟ, ಒಪ್ಪಿದಳು. ಹಿರಿಯರು ಮತ್ತೆ ಬಂದರು. ಆ ದಿನ ಅವಳು ಹೊಸ ಲೇಸ್ ಬಟ್ಟೆ ಉಟ್ಟು ಎದುರು ನಿಂತರೆ, ಈ ಪುಣ್ಯಾತ್ಮ ಅವಳನ್ನು ನೋಡುವುದು ಬಿಟ್ಟು ಅವಳ ಫ್ರೀಜರ್ ಸದ್ದಿಗೆ ಕಿವಿಗೊಟ್ಟು, "ಬೇರಿಂಗ್ ಹೋಗಿದೆ" ಎಂದ. ಯಾಮ್ ಗೆಡ್ಡೆಗಳು ಮತ್ತೆ ಮನೆಗೆ ಹೋದವು.

ಅವನ ಚಿಕ್ಕಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. "ಇನ್ನೊಂದೇ ಸಲ ಬರ್ತೀವಿ. ಆವತ್ತೂ ವಾಪಸ್ ಕಳ್ಸಿದ್ರೆ ಬೇರೆ ಮನೆ ನೋಡ್ತೀವಿ. ನಂಗೂ ಸೊಂಟ ಇದೆ ಕಣಯ್ಯ."

ಅಲ್ಲಿಂದ ಅಯಿಂಡೆ ಮದುವೆಯ ಸುದ್ದಿ ಎತ್ತಲಿಲ್ಲ. ಸಿಟ್ಟೂ ಮಾಡಲಿಲ್ಲ. ದಿನಾ ಅವಳ ಫ್ರೀಜರ್‌ಗೆ ಕೈಯಿಟ್ಟು ನೋಡಿ ಹೋಗುತ್ತಿದ್ದ. ಅವಳು ನನ್ನ ಕುರ್ಚಿಯಲ್ಲಿ ಕೂತು ಅತ್ತಳು. "ಅವ್ನು ಮತ್ತೆ ಕೇಳ್ತಾನೇ ಇಲ್ಲ, ಅಬೆನಿ ಅಕ್ಕ."

"ನೀನೇ ಹೇಳು, ಒಪ್ಪಿದೀನಿ ಅಂತ."

"ನಾನ್ಯಾಕೆ ಹೇಳ್ಲಿ? ನನ್ನೇನು ಹಳೇ ಮೀನು ಅಂದ್ಕೊಂಡಿದ್ದಾನಾ?"

ಹೇಳುವ ಬದಲು ಅವಳು ಮಾರುಕಟ್ಟೆಗೆ ಹೋಗಿ ಒಂದು ಯಂತ್ರ ಕೊಂಡು ತಂದಳು. ಕಂಬದ ಲೈಟಿಗೂ ಜನರೇಟರಿಗೂ ತಾನೇ ಅದಲು ಬದಲು ಮಾಡುವ ಯಂತ್ರ. ಹಿಡಿ ಬೇಡ, ಗಾರಿ ಬೇಡ, ಅಯಿಂಡೆಯೂ ಬೇಡ ಎನ್ನುವುದು ಅದರ ಅರ್ಥ. ಅದನ್ನು ಅವಳ ಅಂಗಡಿಯ ಗೋಡೆಗೆ ಕೂರಿಸಿ ಮೂರು ಅಂಗಡಿಗೂ ತಂತಿ ಕಟ್ಟಿಕೊಡಬೇಕಾದವನು ಮಾತ್ರ ಅಯಿಂಡೆಯೇ. ಅವನು ಕೂರಿಸಿಕೊಟ್ಟ.

ಯಂತ್ರದ ಮೂತಿಯ ಮೇಲೆ ಎರಡು ತಿರುಗಣೆಗಳಿದ್ದವು. ಲೈಟ್ ಎಷ್ಟು ಇಳಿದರೆ ಜನರೇಟರಿಗೆ ಹೋಗಬೇಕು ಎನ್ನುವುದಕ್ಕೆ ಒಂದು, ಎಷ್ಟು ಏರಿದರೆ ವಾಪಸ್ ಬರಬೇಕು ಎನ್ನುವುದಕ್ಕೆ ಇನ್ನೊಂದು. ಮೊರೆನಿಕೆ ಎರಡನ್ನೂ ಒಂದೇ ಗುರುತಿಗೆ ತಿರುಗಿಸಿದಳು.

"ಮಧ್ಯೆ ಜಾಗ ಬಿಡು" ಎಂದ ಅಯಿಂಡೆ.

"ಯಾಕೆ ಬಿಡ್ಬೇಕು? ಕಡಿಮೆ ಆಯ್ತಾ, ಹೋಗು. ಸರಿ ಆಯ್ತಾ, ಬಾ. ಮಧ್ಯೆ ಜಾಗ ಬೇಕಾಗಿರೋದು ಸೋಮಾರಿಗಳಿಗೆ."

"ನಿನ್ನಿಷ್ಟ" ಎಂದು ಅವನು ಕೈ ಒರೆಸಿಕೊಂಡು ಹೋದ.

ಶುಕ್ರವಾರ ಮಧ್ಯಾಹ್ನ ಕಂಬದ ಲೈಟ್ ತೀರಾ ಮಂಕಾಗಿತ್ತು. ಮರುದಿನದ ದೊಡ್ಡ ಔತಣಕ್ಕೆಂದು ಮೊರೆನಿಕೆ ಎರಡೂ ಫ್ರೀಜರ್ ತುಂಬ ನಾವು ಟೈಟಸ್ ಅನ್ನುವ ಬಂಗುಡೆ ಮೀನು ತುಂಬಿಟ್ಟಿದ್ದಳು. ಅದೇ ಔತಣಕ್ಕೆ ಹೋಗುವ ದಪ್ಪ ಹೆಂಗಸೊಬ್ಬಳು ನನ್ನ ಡ್ರೈಯರ್ ಕೆಳಗೆ ಕೂತಿದ್ದಳು. ಆಗ ಯಂತ್ರ ಟಕ್ ಎಂದಿತು. ಜನರೇಟರ್ ಗುಡುಗಿತು. ಫ್ರೀಜರ್‌ಗಳ ಭಾರ ಇಳಿದದ್ದೇ ಕಂಬದ ಲೈಟ್ ಒಂಚೂರು ಚೇತರಿಸಿಕೊಂಡಿತು. ಯಂತ್ರ ಟಕ್ ಎಂದು ಲೈಟಿಗೆ ಬಂತು, ಜನರೇಟರ್ ನಿಂತಿತು. ಫ್ರೀಜರ್‌ಗಳು ಲೈಟನ್ನು ಜಗ್ಗಿದವು, ಲೈಟ್ ಕುಸಿಯಿತು. ಟಕ್, ಮತ್ತೆ ಜನರೇಟರ್.

ಬೀದಿಯ ಮಕ್ಕಳು "ಲೈಟ್ ತಂದ್ರು" ಎಂದು ಕೂಗುವಷ್ಟರಲ್ಲಿ "ಲೈಟ್ ತೆಗೆದ್ರು" ಎನ್ನಬೇಕಾಗಿ, ಎರಡನ್ನೂ ಬೆರೆಸಿ ಏನೇನೋ ಕೂಗತೊಡಗಿದವು. ಡ್ರೈಯರ್ ಕೆಳಗಿನ ಹೆಂಗಸು, "ಏನಮ್ಮ ಇದು, ಒಂದ್ಸಲ ಬೇಯಿಸ್ತೀಯ, ಒಂದ್ಸಲ ಆರಿಸ್ತೀಯ, ನಾನೇನು ಬಟಾಣಿನಾ?" ಎಂದಳು. ಮೊರೆನಿಕೆಯ ಫ್ರೀಜರ್‌ಗಳು ಒದ್ದಾಡಿದವು. ಶುರುವಾಗುವ ಮೊದಲೇ ನಿಲ್ಲು, ನಿಲ್ಲುವ ಮೊದಲೇ ಶುರುವಾಗು ಎಂದರೆ ಯಾವ ಜೀವ ತಡೆಯುತ್ತದೆ? ಸುಟ್ಟ ವಾಸನೆ ನನ್ನ ಮೂಗಿಗೂ ಬಡಿಯಿತು.

ಅಯಿಂಡೆ ಆ ದಿನ ಓಡಿದ್ದನ್ನು ನಾನು ಕಣ್ಣಾರೆ ಕಂಡೆ. ಓಡಿ ಬಂದು ಎಲ್ಲವನ್ನೂ ಆರಿಸಿದ. ಫ್ರೀಜರ್‌ಗಳ ಹಿಂದೆ ಕೈಯಿಟ್ಟು, "ಸತ್ತಿಲ್ಲ. ಸುಧಾರಿಸ್ಕೊಳ್ಳಕ್ಕೆ ಬಿಡಿ, ಮುಚ್ಚಳ ತೆಗೀಬೇಡಿ" ಎಂದ. ಮೊರೆನಿಕೆ ಗೋಡೆಗೆ ಒರಗಿ ನಿಂತಿದ್ದಳು. ನಂತರ ಅವನು ಯಂತ್ರದ ಮುಂದೆ ನಿಂತು ಒಂದು ತಿರುಗಣೆಯನ್ನು ಕೆಳಕ್ಕೆ, ಇನ್ನೊಂದನ್ನು ಮೇಲಕ್ಕೆ ತಿರುಗಿಸಿದ.

"ಏನ್ ಮಾಡ್ದೆ?" ಎಂದಳು ಅವಳು.

"ಬಿಡೋದಕ್ಕೊಂದು ಗೆರೆ, ಹಿಡಿಯೋದಕ್ಕೊಂದು ಗೆರೆ. ಹಿಡಿಯೋ ಗೆರೆ ಮೇಲಿರ್ಬೇಕು, ಚೆನ್ನಾಗಿದೆ ಅಂತ ಖಾತ್ರಿ ಆದ್ಮೇಲೇನೇ ಹಿಡೀಬೇಕು. ಹಿಡಿದ್ಮೇಲೆ ಸ್ವಲ್ಪ ಮಂಕಾಯ್ತು ಅಂತ ಬಿಡ್ಬಾರ್ದು. ಬಿಡೋ ಗೆರೆ ಕೆಳಗಿರ್ಬೇಕು. ಎರಡೂ ಒಂದೇ ಕಡೆ ಇದ್ರೆ ಸಣ್ಣದೊಂದು ಏರಿಳಿತಕ್ಕೂ ಹೋಗೋದು ಬರೋದೇ ಆಗತ್ತೆ. ಕೊನೆಗೆ ಏನಾದ್ರೂ ಸುಡತ್ತೆ."

ಮೊರೆನಿಕೆ ಅವನನ್ನು ದುರುಗುಟ್ಟಿ ನೋಡಿದಳು. "ನೀನು ನನ್ ವಿಷ್ಯ ಹೇಳ್ತಿದೀಯ."

"ನಾನು ಯಂತ್ರದ ವಿಷ್ಯ ಹೇಳ್ತಿದೀನಿ."

ಅವನ ಮುಖ ನೋಡಿದರೆ ನಿಜವಾಗಿಯೂ ಯಂತ್ರದ ವಿಷಯವನ್ನೇ ಹೇಳಿದ್ದ. ಆ ಮನುಷ್ಯನಿಗೆ ಎರಡರ್ಥದಲ್ಲಿ ಮಾತಾಡುವಷ್ಟು ಕಿಲಾಡಿತನ ಇದ್ದಿದ್ದರೆ ಇಷ್ಟರಲ್ಲಿ ಮದುವೆಯೇ ಆಗಿರುತ್ತಿತ್ತು. ಆದರೆ ಮಾತು ತಾಗಬೇಕಾದ ಕಡೆ ತಾಗಿತ್ತು. ಅವನು ಜನರೇಟರ್ ಹೊತ್ತಿಸಿ ಫ್ರೀಜರ್‌ಗಳಿಗೆ ಜೀವ ಕೊಟ್ಟ. ಆ ಗುಡುಗಿನ ನಡುವೆ ಮೊರೆನಿಕೆ ಕಿರುಚಿ ಹೇಳಿದಳು. "ನಾನು ಒಪ್ಪಿದೀನಿ. ನಿಮ್ಮೋರ್ನ ಕರ್ಕೊಂಡ್ ಬಾ."

ನನ್ನ ಕೈಯ ಬಾಚಣಿಗೆ ಹಾಗೇ ನಿಂತಿತು. ಡ್ರೈಯರ್ ಕೆಳಗಿನವಳೂ ತಲೆ ಹೊರಗೆ ಹಾಕಿದಳು. ಅಯಿಂಡೆ ಅವಳನ್ನು ನೋಡಿದ. ಬಾಗಿಲ ಮೇಲಿನ ಬಲ್ಬ್ ಆಗಷ್ಟೇ ಬೆಳ್ಳಗೆ ಉರಿಯತೊಡಗಿತ್ತು, ಅದನ್ನೂ ನೋಡಿದ. ಆಮೇಲೆ ಹೋಗಿ ಗಾರಿಯ ಡಬ್ಬ ತೆಗೆದ.

ನನಗೆ ಮೈಯೆಲ್ಲ ಉರಿದುಹೋಯಿತು. "ಏ ಅಯಿಂಡೆ, ಒಂದು ಹೆಣ್ಣು ಬಾಯ್ಬಿಟ್ಟು ಹೇಳಿದ್ದಾಳೆ, ನೀನು ತಿನ್ನಕ್ಕೆ ಕೂರ್ತೀಯಲ್ಲ, ನಿನ್ನೇನು ಕಲ್ಲಲ್ಲಿ ಕಡೆದಿದ್ದಾರಾ?"

ಅವನು ನೀರು ಹೊಯ್ದ. ಸಕ್ಕರೆ ಹಾಕಿದ. ಮೊರೆನಿಕೆಯ ಮೂಗಿನ ಹೊಳ್ಳೆ ಅರಳಿದ್ದು, ತುಟಿ ತೆರೆದದ್ದು, ಮುಚ್ಚಿದ್ದು ಎಲ್ಲ ನಾನು ಕಂಡೆ. ಇಷ್ಟು ಸಾಕಿತ್ತು, ಹಳೇ ಮೊರೆನಿಕೆ ಆಗಿದ್ದರೆ ಬಟ್ಟಲು ಬೀದಿಗೆ ಹಾರುತ್ತಿತ್ತು. ಅವಳು ಮೀನು ಕಡಿಯುವ ಹಲಗೆಯ ಹಿಂದೆ ಹೋಗಿ ನಿಂತಳು.

ಗ್ರಹಚಾರಕ್ಕೆ ಆಗಲೇ ಸಿಕಿರಾತ್ ಮೀನಿಗೆ ಬರಬೇಕೇ. ಡ್ರೈಯರ್ ಕೆಳಗಿನವಳು ತಡೆಯಲಾರದೆ ಅವಳಿಗೆ ಸುದ್ದಿ ಕಿರುಚಿಯೇಬಿಟ್ಟಳು. ಸಿಕಿರಾತ್ ಸೊಂಟದ ಮೇಲೆ ಕೈಯಿಟ್ಟು, "ಮತ್ತೆ ಒಪ್ಪಿದ್ಲಾ? ಈ ಸಲ ಎಷ್ಟೊತ್ತಿನವರ್ಗೆ?" ಎಂದಳು.

ಮೊರೆನಿಕೆಯ ಕತ್ತಿ ಗಾಳಿಯಲ್ಲಿ ನಿಂತಿತು. ಮೂರು ಅಂಗಡಿಗೂ ಮದುವೆಯೂಟ ತಪ್ಪಿತು ಎಂದು ನಾನು ಕಣ್ಣು ಮುಚ್ಚಿದೆ.

"ತಲೆ ಸಮೇತ ಬೇಕಾ, ತಲೆ ತೆಗ್ದು ಕೊಡ್ಲಾ?" ಎಂದಳು ಮೊರೆನಿಕೆ.

ಸಿಕಿರಾತ್‌ಗೆ ತಬ್ಬಿಬ್ಬಾಯಿತು. "ತಲೆ ಸಮೇತ" ಎಂದು ಮೆತ್ತಗೆ ಹೇಳಿದಳು. ಮೊರೆನಿಕೆ ತೂಗಿ, ಕಡಿದು, ಕಟ್ಟಿ, ಒಂದು ಮೀನು ಹೆಚ್ಚಿಗೇ ಹಾಕಿ ಕೊಟ್ಟಳು. ಅವಳು ನುಂಗಿದ ಮಾತು ಎಷ್ಟಿತ್ತೋ, ಕಣ್ಣಲ್ಲಿ ನೀರಾಡಿತು. ಆ ಕ್ಷಣ ಅವಳ ಬಗ್ಗೆ ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಆಗ ಯಂತ್ರ ಟಕ್ ಎಂದಿತು, ಒಂದೇ ಸಲ. ಜನರೇಟರ್ ನಿಂತಿತು. ಬೀದಿಯೆಲ್ಲ ಮೌನವಾಗಿ, ಫ್ರೀಜರ್‌ಗಳ ಸಣ್ಣ ಗುಂಯ್‌ಗುಡುವಿಕೆ ಮಾತ್ರ ಉಳಿಯಿತು. ಯಂತ್ರಕ್ಕೂ ನಂಬಿಕೆ ಬಂತು, ಈ ಗಂಡಸಿನ ಬಟ್ಟಲಲ್ಲಿ ಮಾತ್ರ ಇನ್ನೂ ನಾಲ್ಕು ಚಮಚ ಉಳಿದಿತ್ತು. ಅವನು ತಿಂದ. ನಾವೆಲ್ಲ ಅವನು ಕಡಲೆಬೀಜ ಅಗಿಯುವ ಸದ್ದನ್ನೇ ಕೇಳುತ್ತ ನಿಂತೆವು. ಕೊನೆಗೆ ಬಟ್ಟಲು ಕೆಳಗಿಟ್ಟು, ಕೈ ಒರೆಸಿಕೊಂಡು, ಫೋನ್ ತೆಗೆದ.

"ಚಿಕ್ಕಪ್ಪ, ನಾನು. ಯಾಮ್ ಗೆಡ್ಡೆ ತರ್ಸಿ. ಹ್ಞೂಂ, ಖಾತ್ರಿ."

ಮೊರೆನಿಕೆ ಹಲಗೆಯ ಹಿಂದಿನಿಂದ ಬಂದಳು. ಜನರೇಟರ್ ಇಲ್ಲದ ಕಾರಣ ಮೊದಲ ಬಾರಿಗೆ ಅವಳ ದನಿ ಮೆಲ್ಲಗೆ ಕೇಳಿಸಿತು. "ಎರಡು ಸಲ ನಿನ್ನ ವಾಪಸ್ ಕಳ್ಸಿದೀನಿ. ಇವ್ಳನ್ನ ಬಿಟ್ಬಿಡೋಣ ಅಂತ ಒಂದ್ಸಲಾನೂ ಅನ್ನಿಸ್ಲಿಲ್ವಾ?"

ಅಯಿಂಡೆ ಬಟ್ಟಲಿಗೆ ನೀರು ಹಾಕಿ ಗಲಬರಿಸುತ್ತ ಯೋಚಿಸಿದ. ಅವನಿಗೆ ಪ್ರಶ್ನೆ ಎಂದರೆ ಉತ್ತರ ಕೊಡಬೇಕಾದದ್ದು.

"ನನ್ನ ಬಿಡೋ ಗೆರೆ ತುಂಬಾ ಕೆಳಗಿದೆ, ಮೊರೆನಿಕೆ" ಎಂದ. "ಅಷ್ಟು ಕೆಳಗೆ ನೀನು ಯಾವತ್ತೂ ಹೋಗ್ಲಿಲ್ಲ."

ಅವಳು ಮೀನಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಉರಿಯುತ್ತೆ ಕಣೆ ಎಂದು ಬೈದು ನನ್ನ ಟವೆಲ್ ಕೊಟ್ಟೆ, ಅದರ ಇನ್ನೊಂದು ತುದಿಯಲ್ಲಿ ನಾನೂ ಒರೆಸಿಕೊಂಡೆ. ಅಷ್ಟರಲ್ಲಿ ಲೈಟ್ ಒಂದಿಷ್ಟು ಮಂಕಾಯಿತು. ಎಲ್ಲರೂ ಯಂತ್ರದ ಕಡೆ ನೋಡಿದೆವು. ಅದು ಕದಲಲಿಲ್ಲ.