ಪಾಡ್ಯದ ಮುಂಜಾನೆಯ ಮಶೀನು

ದೀಪಾವಳಿ ಹತ್ತಿರ ಬಂದಾಗ ನಾನು ಮನೆಯ ಧೂಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹುಮನಾಬಾದಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಚೀಲದ ಕಡೆ ನೋಡಿ, "ಏನ್ರಿ ಅಕ್ಕಾ, ಹಿಟ್ಟೇನು?" ಎಂದು ಕೇಳಿದಳು.

"ಇಲ್ರಿ, ಧೂಳು" ಎಂದೆ. ಆಕೆ ಸೀರೆ ಒತ್ತಿಕೊಂಡು ಕಿಟಕಿಯ ಕಡೆ ಸರಿದಳು.

ನನ್ನ ತಲೆಯೇನೂ ಕೆಟ್ಟಿರಲಿಲ್ಲ. ನನ್ನ ಗಂಡ ಅಶೋಕಕುಮಾರ ತೊಗರಿ ಮಾರುವಾಗ ಮೊದಲು ಹುಮನಾಬಾದಿನ ಧಾನ್ಯದ ಪೇಟೆಗೆ ಒಂದು ಹಿಡಿ ಮಾದರಿ ಒಯ್ದು ತೋರಿಸುತ್ತಾರೆ. ಕಾಳು ನೋಡದೆ ಯಾರೂ ದರ ಹೇಳುವುದಿಲ್ಲ. ನಾನು ಹೊರಟಿದ್ದು ವ್ಯಾಕ್ಯೂಮ್ ಕ್ಲೀನರ್ ಕೊಳ್ಳಲಿಕ್ಕೆ. ಅದು ನಮ್ಮ ಮನೆಯ ಧೂಳನ್ನು ಎಳೆಯುತ್ತದೋ ಇಲ್ಲವೋ ಎನ್ನುವುದು ನಮ್ಮ ಧೂಳಿನಿಂದಲೇ ಗೊತ್ತಾಗಬೇಕಲ್ಲವೇ.

ನಮ್ಮದು ಸಾಧಾರಣ ಧೂಳಲ್ಲ. ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ಓಣಿಯಲ್ಲಿ ಮುಂದೆ ನಮ್ಮ ಹಿಂಡಿ-ಹೊಟ್ಟಿನ ಅಂಗಡಿ, ಹಿಂದೆ ಮನೆ. ಹತ್ತಿಕಾಳಿನ ಹಿಂಡಿ, ತೊಗರಿಹೊಟ್ಟು, ಗೋಧಿಬೂಸಾ, ಊರಿನ ಎಮ್ಮೆಗಳು ತಿನ್ನುವುದೆಲ್ಲ ಮೊದಲು ನಮ್ಮ ಮೂಗು ದಾಟಿಯೇ ಹೋಗಬೇಕು. ನಮಗೆ ಅದು ರೂಢಿಯಾಗಿಬಿಟ್ಟಿದೆ. ಮಗಳು ಕಾಜಲಳಿಗೆ ಮಾತ್ರ ಆಗಿಬರಲಿಲ್ಲ. ಧೂಳೆದ್ದರೆ ಸೀನು, ಸೀನಿನ ಬೆನ್ನಿಗೇ ದಮ್ಮು. ಕಾಲೇಜಿನ ನೆವದಲ್ಲಿ ಅವಳನ್ನು ಹುಮನಾಬಾದಿನಲ್ಲಿರುವ ನಾದಿನಿ ವಿದ್ಯಾವತಿಯ ಮನೆಯಲ್ಲಿ ಇಟ್ಟಿದ್ದೆವು. ಅಲ್ಲಿ ಒಂದು ಕಡೆ ಹೆದ್ದಾರಿಯ ಲಾರಿಗಳು, ಇನ್ನೊಂದು ಕಡೆ ಕಾರ್ಖಾನೆಗಳು. ಅಂಥ ಊರಿನಲ್ಲಿ ಆರಾಮವಾಗಿ ಉಸಿರಾಡುವ ಹುಡುಗಿ ಸ್ವಂತ ಮನೆಗೆ ಬಂದರೆ ಮೂಗಿಗೆ ದಸ್ತಿ ಹಿಡಿದುಕೊಂಡು ಕೂರುತ್ತಾಳೆ.

ಅದರಲ್ಲೂ ದೀಪಾವಳಿ ಬಂತೆಂದರೆ ಮುಗಿಯಿತು. ಅಮಾವಾಸ್ಯೆಯ ಲಕ್ಷ್ಮೀಪೂಜೆಗೆ ನಾವು ಹೊಸ ಕಸಬರಿಗೆ ತಂದು ಅರಿಷಿಣ-ಕುಂಕುಮ ಹಚ್ಚುತ್ತೇವೆ. ಮರುದಿನ, ಪಾಡ್ಯದ ನಸುಕಿನಲ್ಲಿ, ಮನೆಯ ಹಿರಿಯ ಹೆಂಗಸು ಅದೇ ಕಸಬರಿಗೆಯಿಂದ ಒಳಕೋಣೆಯಿಂದ ಹೊಸ್ತಿಲತನಕ ಇಡೀ ಮನೆ ಗುಡಿಸಬೇಕು. ನಮ್ಮ ಮನೆಯ ಹಿರಿಯರು ನನ್ನ ಅತ್ತೆ ರುಕ್ಮಿಣಿಬಾಯಿ, ಕೊಹಿನೂರಿನ ಒಕ್ಕಲುತನದ ಮನೆಯ ಮಗಳು. ಆ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿದರೆ ಅವರು ಗೋಡೆಯನ್ನೂ ಬಿಡುವುದಿಲ್ಲ. ಹೋದ ವರ್ಷ ಪಾಡ್ಯದ ದಿನ ಎಲ್ಲರೂ ಹೋಳಿಗೆ ಉಣ್ಣುವ ಹೊತ್ತಿಗೆ ಕಾಜಲ ದವಾಖಾನೆಯಲ್ಲಿ ಮೂಗಿಗೆ ಔಷಧದ ಹಬೆ ಹಿಡಿದುಕೊಂಡು ಕೂತಿದ್ದಳು. ಈ ವರ್ಷ ಫೋನಿನಲ್ಲಿ ಮೊದಲೇ ಹೇಳಿಬಿಟ್ಟಳು: "ಅವ್ವಾ, ನಾ ಪೂಜಾ ನೋಡಿ ಅವತ್ತೇ ಸಂಜಿಗಿ ಹೊಳ್ಳಿ ಹೋಗ್ತೀನಿ. ಪಾಡ್ಯಕ್ಕ ಇರಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲಲ್ಲ, ಕಸಬರಿಗೆಯ ಮೇಲೆ. ಗುಡಿಸಬೇಡಿ, ಧೂಳು ಎಳೆಯುವ ಮಶೀನು ತನ್ನಿ ಎಂದು ಆ ದವಾಖಾನೆಯ ಡಾಕ್ಟರರು ಆಗಲೇ ಹೇಳಿದ್ದರಲ್ಲ, ಅದನ್ನು ತಂದೇ ತೀರುತ್ತೇನೆ ಎಂದೆ. ಅತ್ತೆ ಬೇಡವೆನ್ನಲಿಲ್ಲ.

"ತಾ, ಯಾರ ಬ್ಯಾಡ ಅಂದಾರ. ಆದ್ರ ಪಾಡ್ಯದ ದಿನ ಕಸಬರಗಿನೇ. ಲಕ್ಷ್ಮಿ ಮಶಿನ್ಯಾಗ ಕೂಡಂಗಿಲ್ಲ" ಎಂದರು.

ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಕಾಜಲ ಕಾಯುತ್ತಿದ್ದಳು. ಇಬ್ಬರೂ ಸೈಫುದ್ದೀನ್ ಅವರ ಇಲೆಕ್ಟ್ರಿಕ್ ಅಂಗಡಿಗೆ ಹೋದೆವು. ಅವರು ಮೊದಲು ತೋರಿಸಿದ್ದು ತಾನೇ ತಿರುಗಾಡುವ ತಟ್ಟೆಯಂಥ ಮಶೀನು. ಕಾಜಲ ಅಜ್ಜಿಯನ್ನು ನೆನೆದು ನಕ್ಕಳು. "ಇದು ಬ್ಯಾಡವ್ವಾ. ಕಾಲಾಗ ಬಂತಂದ್ರ ಆಯಿ ಬೆಕ್ಕಂತ ತಿಳದು ಒದೀತಾಳ." ಎರಡನೆಯದು ಕೋಲಿನಂತೆ ತೆಳ್ಳಗಿತ್ತು, ನೋಡಲು ಚೆಂದವಿತ್ತು. ಸೈಫುದ್ದೀನ್ ಸಾಹೇಬರು ನೆಲದ ಮೇಲೆ ನಾಲ್ಕು ಕಾಗದದ ಚೂರು ಹಾಕಿ ಎಳೆದು ತೋರಿಸಿದರು.

"ಇದು ನಿಮ್ಮ ಕಸ ಆಯ್ತ್ರಿ. ಈಗ ನಮ್ಮ ಕಸ ನೋಡ್ರಿ" ಎಂದು ನಾನು ಚೀಲ ಬಿಚ್ಚಿ ಅವರ ಹೊಸ ಜಮಖಾನೆಯ ಮೇಲೆ ಒಂದು ಹಿಡಿ ಸುರಿದೆ. ಅವರು ದಂಗಾಗಿ ನೋಡಿದರು. ಕಾಜಲ ದಸ್ತಿ ಮೂಗಿಗಿಟ್ಟುಕೊಂಡು ಅಂಗಡಿಯ ಹೊರಗೆ ನಿಂತಳು. ಕೋಲಿನ ಮಶೀನು ಎರಡು ಸಲ ಗೊರ್ ಎಂದು ಧೂಳು ಮುಕ್ಕಿ ನಿಂತುಬಿಟ್ಟಿತು. ಅದರ ಪುಟ್ಟ ಡಬ್ಬಿ ಆಗಲೇ ತುಂಬಿತ್ತು.

"ನಿಮ್ಮ ಮನ್ಯಾಗ ಏನ್ ಮಾಡ್ತೀರಿ ಬಾಯಿ?" ಎಂದು ಸಾಹೇಬರು ಮೆಲ್ಲಗೆ ಕೇಳಿದರು.

"ಹಿಂಡಿ ಅಂಗಡಿ ಅದರಿ."

"ಹಾಂಗಾದ್ರ ಇದು ತಗೋರಿ" ಎಂದು ಒಳಗಿನಿಂದ ಹಂಡೆಯಷ್ಟು ದೊಡ್ಡ, ಕೆಂಪು ಬಣ್ಣದ, ಗಾಲಿಯಿರುವ ಮಶೀನು ಉರುಳಿಸಿಕೊಂಡು ಬಂದರು. ಸ್ವಿಚ್ ಒತ್ತಿದರು. ನನ್ನ ಧೂಳು ಇದ್ದಲ್ಲಿಂದ ಎದ್ದು ಪೈಪಿನೊಳಗೆ ಓಡಿತು. ಜಮಖಾನೆಯ ಹೂವು ಒಂದೊಂದೇ ಮೇಲೆ ಬಂದವು. ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು. ಕಾಜಲ ಬಾಗಿಲಲ್ಲಿ ನಿಂತು ದಸ್ತಿ ಕೆಳಗಿಳಿಸಿ ಬಗ್ಗಿ ಬಗ್ಗಿ ನೋಡಿದಳು. ಹಣ ಕೊಟ್ಟು ಪೆಟ್ಟಿಗೆ ಕಟ್ಟಿಸುವಾಗ ಸಾಹೇಬರು, "ಮುಂದಿನ ತೂತು ಎಳೀತದ, ಹಿಂದಿನ ತೂತು ಊದತದ, ಖ್ಯಾಲ್ ಇರಲಿ" ಎಂದರು. ನಾನು ಖುಷಿಯಲ್ಲಿ ಹೂಂ ಎಂದೆ. ಕಿವಿಗೆ ಏನೂ ಬಿದ್ದಿರಲಿಲ್ಲ.

ಮನೆಗೆ ಬಂದವಳೇ ಸೀರೆಯನ್ನೂ ಬದಲಿಸದೆ ಪೆಟ್ಟಿಗೆ ಒಡೆದೆ. ಅತ್ತೆ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದರು. ಮನೆಖರ್ಚಿಗೆಂದು ಕೊಹಿನೂರಿನ ಹೊಲದಿಂದ ಬಂದ ಉದ್ದನ್ನು ಬಡಿದು ಇಟ್ಟಿದ್ದರು. ತೂರಲು ಗಾಳಿಯೇ ಇಲ್ಲವೆಂದು ಬೆಳಗಿನಿಂದ ಆಕಾಶವನ್ನು ಬೈಯುತ್ತಿದ್ದರು. ಅವರೆದುರೇ ನಡೆಯಲಿ ಎಂದು ನಾನು ಮಶೀನು ಅಂಗಳದ ಬಾಗಿಲಿಗೆ ತಂದೆ, ಪೈಪು ಸಿಕ್ಕಿಸಿದೆ, "ನೋಡ್ರಿ ಅತ್ಯಾರ" ಎಂದು ಸ್ವಿಚ್ ಒತ್ತಿದೆ.

ನಾನು ಪೈಪು ಸಿಕ್ಕಿಸಿದ್ದು ಹಿಂದಿನ ತೂತಿಗೆ.

ಉದ್ದಿನ ಹೊಟ್ಟೆಲ್ಲ ಎದ್ದು ಗೋಡೆ ದಾಟಿ ಪಕ್ಕದ ಮನೆಯ ಅಕ್ಬರಿಯ ಒಗೆದ ಬಟ್ಟೆಗಳ ಮೇಲೆ ಹೋಗಿ ಕೂತಿತು. ನಾನು ಗಾಬರಿಯಾಗಿ ಆಫ್ ಮಾಡಿದೆ. ಅತ್ತೆಯ ತಲೆ ಪೂರ್ತಿ ಹೊಟ್ಟಿನಿಂದ ಮುಚ್ಚಿತ್ತು. ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿಕೊಂಡೆ. ಅವರು ಮೊರದ ಕಡೆ ನೋಡುತ್ತಿದ್ದರು. ಮೊರದಲ್ಲಿ ಕಪ್ಪಗೆ ಮಿಂಚುವ ಉದ್ದಿನಕಾಳು ಮಾತ್ರ ಉಳಿದಿತ್ತು.

"ಇನ್ನೊಮ್ಮಿ ಹಚ್ಚು" ಎಂದರು ಅತ್ತೆ.

ಅಲ್ಲಿಗೆ ನನ್ನ ಮಶೀನು ನನ್ನ ಕೈತಪ್ಪಿತು. ಆ ದಿನ ಉದ್ದು ಮುಗಿಯಿತು. ಮರುದಿನ ಹೆಸರುಕಾಳು ಬಂತು. ಬಟ್ಟೆಯ ಬಗ್ಗೆ ಜಗಳಕ್ಕೆ ಬಂದ ಅಕ್ಬರಿ ಜಗಳ ಮರೆತು ಕೊತ್ತಂಬರಿ ಹವೀಜದ ಬುಟ್ಟಿ ತಂದಿಟ್ಟಳು. ಎದುರು ಮನೆಯ ಸೋನುಬಾಯಿ ಎಳ್ಳು ತಂದಳು, ಅದು ಪೂರ್ತಿ ಹಾರಿಹೋಗಿ ಓಣಿಯ ಕೋಳಿಗಳ ಪಾಲಾಯಿತು. ಅತ್ತೆ ಪೈಪು ಹಿಡಿದು ನಡುವೆ ನಿಂತು, "ದೂರ ಸರೀರಿ, ಕಣ್ಣಾಗ ಹೋದೀತು" ಎಂದು ಎಲ್ಲರನ್ನೂ ಗದರಿಸುತ್ತಿದ್ದರು. ಅವರನ್ನು ಇಷ್ಟು ಉಮೇದಿನಲ್ಲಿ ನಾನು ಯಾವತ್ತೂ ನೋಡಿರಲಿಲ್ಲ.

ಆದರೆ ಮಗಳು ಬರುವ ದಿನ ಹತ್ತಿರವಾಗುತ್ತಿತ್ತು. ಧೂಳು ಕಡಿಮೆ ಮಾಡಲು ತಂದ ಮಶೀನಿನಿಂದ ಮನೆಯಲ್ಲಿ ಮೊದಲಿಗಿಂತ ದುಪ್ಪಟ್ಟು ಧೂಳು ಎದ್ದಿತ್ತು. ಅಡುಗೆಮನೆಯ ಡಬ್ಬಿಗಳ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಅಮಾವಾಸ್ಯೆಯ ಹಿಂದಿನ ದಿನ ನಾನು ತಡೆಯಲಾರದೆ ಅತ್ತೆಯ ಕೈಯಿಂದ ಪೈಪು ಕಸಿದುಕೊಂಡೆ.

"ಇದು ನನ್ನ ಮಗಳ ಸಂಬಂಧ ತಂದದ್ದು. ನಿಮಗ ತೂರಾಕಲ್ಲ" ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು.

ಅತ್ತೆ ಮುಖ ಬಿಗಿದುಕೊಂಡರು. "ನಿನ್ನ ಮಗಳು ನನಗೇನೂ ಅಲ್ಲೇನು? ಆಕಿ ಖೋಲಿ ಈಗೇ ಗುಡಿಸಿ ಬಂದೀನಿ. ಹೋಗಿ ನೋಡು, ಒಂದು ಕಡ್ಡಿ ಇದ್ರ ಹೇಳು."

ನಾನು ಮಶೀನು ಎಳೆದುಕೊಂಡು ಕಾಜಲಳ ಕೋಣೆಗೆ ಹೋದೆ. ಪೈಪನ್ನು ಈ ಸಲ ನೋಡಿಕೊಂಡು ಮುಂದಿನ ತೂತಿಗೆ ಸಿಕ್ಕಿಸಿದೆ. ಗಾದಿ, ಮಂಚದ ಕೆಳಗೆ, ಕಿಟಕಿಯ ಪರದೆ, ಕಪಾಟಿನ ನೆತ್ತಿ, ಎಲ್ಲಾ ಎಳೆದೆ. ಅತ್ತೆ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಮುಗಿದ ಮೇಲೆ ಒಳಗಿನ ಬಟ್ಟೆಚೀಲ ಬಿಚ್ಚಿ ಅವರ ಮೊರದಲ್ಲೇ ಮೆಲ್ಲಗೆ ಸುರಿದೆ. ಮೊರದ ತಳ ಮುಚ್ಚಿತು.

ಅತ್ತೆ ಕೂತರು. ಹೆಬ್ಬೆರಳು-ತೋರುಬೆರಳಲ್ಲಿ ಚಿಟಿಕೆ ಹಿಡಿದು ತಿಕ್ಕಿ ನೋಡಿದರು, ಬೀಸಿದ ಹಿಟ್ಟು ಸಣ್ಣಗಾಗಿದೆಯೋ ಇಲ್ಲವೋ ಎಂದು ಅವರು ಯಾವಾಗಲೂ ನೋಡುವ ರೀತಿಯಲ್ಲಿ.

"ಬಟ್ಟ್ಯಾಗ ಸೋಸಿದಂಗ ಅದ ನೋಡು" ಎಂದರು. ಚಿಟಿಕೆಯನ್ನು ಮತ್ತೆ ಮೊರಕ್ಕೆ ಉದುರಿಸಿದರು. "ಇದು ಕಸಬರಗಿಗೆ ಸಿಗಂಗಿಲ್ಲ ಉಮಾ. ನಾ ಗುಡಸ್ತೀನಿ, ಇದು ಏಳತದ. ನಾ ಹೊರಗ ಹೋದಿಂದ ಮತ್ತ ಕೂಡತದ." ಆಮೇಲೆ ನನ್ನ ಕಡೆ ನೋಡದೆ ಕೇಳಿದರು, "ಹ್ವಾದ ವರ್ಷ ಇದನ್ನೇ ಎಬ್ಬಿಸಿದ್ದೆನೇನು ನಾ, ಕೂಸಿನ ಎದಿಮ್ಯಾಲ?"

ನಾನು ಮೊರವನ್ನು ಅವರೆದುರಿನಿಂದ ಸರಿಸಿದೆ. ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಅಮಾವಾಸ್ಯೆಯ ದಿನ ಕಾಜಲ ಬಂದಳು. ಸಂಜೆಯ ಬಸ್ಸಿಗೆ ಹೋಗುತ್ತೇನೆಂದು ಚೀಲವನ್ನೂ ಬಿಚ್ಚಿರಲಿಲ್ಲ. "ಈ ಒಂದ್ಸಲ ಇರು, ನಮ್ಮ ಮಾತು ಕೇಳು" ಎಂದು ಅವಳಪ್ಪ, ನಾನು ಇಬ್ಬರೂ ಬೇಡಿಕೊಂಡೆವು. ಅವಳು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದಳು. ಪೂಜೆ ಚೆನ್ನಾಗಿ ನಡೆಯಿತು. ಆದರೆ ಅತ್ತೆ ಹೊಸ ಕಸಬರಿಗೆಗೆ ಎಂದಿನಂತೆಯೇ ಅರಿಷಿಣ-ಕುಂಕುಮ ಹಚ್ಚಿದರು, ಹೂ ಏರಿಸಿದರು, ಕೈಮುಗಿದರು. ಮೂಲೆಯಲ್ಲಿದ್ದ ಮಶೀನಿನ ಕಡೆ ತಿರುಗಿಯೂ ನೋಡಲಿಲ್ಲ. ಮಗಳನ್ನು ಇರಿಸಿಕೊಂಡು ತಪ್ಪು ಮಾಡಿದೆನೇ ಎಂದು ಮಲಗುವಾಗಲೂ ಅದೇ ಯೋಚನೆ.

ನಸುಕಿನಲ್ಲಿ ಅಂಗಳದ ಚಿಲಕ ತೆಗೆದ ಸದ್ದಿಗೆ ಎಚ್ಚರವಾಯಿತು. ಎದ್ದು ಓಡಿದೆ. ನಡುಮನೆಯಲ್ಲಿ ದೀಪ ಹತ್ತಿತ್ತು. ಅತ್ತೆ ಸ್ನಾನ ಮುಗಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ಹೊಸ ಕಸಬರಿಗೆಯನ್ನು ಒಂದೇ ಒಂದು ಸಲ ಹೊಸ್ತಿಲಿಗೆ ಮುಟ್ಟಿಸಿ ದೇವರ ಗೂಡಿನ ಪಕ್ಕ ಒರಗಿಸಿದರು. ಆಮೇಲೆ ಕೆಂಪು ಮಶೀನನ್ನು ನಡುವೆ ಎಳೆದುಕೊಂಡರು. ಅದರ ಮೂತಿಗೆ ಆಗಲೇ ಅರಿಷಿಣ-ಕುಂಕುಮ ಬಿದ್ದಿತ್ತು.

"ಬಂದ್ಯಾ? ಚಲೋ ಆತು" ಎಂದರು ನನ್ನನ್ನು ಕಂಡು. ಪೈಪು ಹಿಡಿದು ಆ ತುದಿ ಈ ತುದಿ ನೋಡಿದರು. "ಎಳಿಯೂದು ಮುಂದಿಂದೋ ಹಿಂದಿಂದೋ? ಹಬ್ಬದ ದಿನ ಅದ, ಮೊದಲೇ ಹೇಳು."

ನಗುವೂ ಅಳುವೂ ಒಟ್ಟಿಗೇ ಬಂದವು. ಮುಂದಿನದಕ್ಕೆ ಸಿಕ್ಕಿಸಿಕೊಟ್ಟೆ. ಅವರು ಪದ್ಧತಿಯಂತೆ ಒಳಕೋಣೆಯಿಂದಲೇ ಶುರುಮಾಡಿದರು. ಮಶೀನಿನ ಆರ್ಭಟಕ್ಕೆ ಓಣಿಯೆಲ್ಲ ಎದ್ದಿರಬೇಕು. ಗೋಡೆಯಾಚೆಯಿಂದ ಅಕ್ಬರಿ, "ಬಾಯಿ, ಈಗೇನು ತೂರಾಕತ್ತೀರಿ?" ಎಂದು ಕೂಗಿದಳು.

"ಏನೂ ತೂರಾಕತ್ತಿಲ್ಲವಾ. ಮನಿ ಗುಡಸಾಕತ್ತೀನಿ" ಎಂದು ಅತ್ತೆ ಅದಕ್ಕಿಂತ ಜೋರಾಗಿ ಕೂಗಿದರು.

ಅಷ್ಟರಲ್ಲಿ ಕಾಜಲ ಎದ್ದು ಬಂದು ಬಾಗಿಲಲ್ಲಿ ನಿಂತಳು. ಕಣ್ಣು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಆದರೂ ದಸ್ತಿ ಮೂಗಿನ ಮೇಲಿತ್ತು. ಅತ್ತೆ ಮಶೀನು ನಿಲ್ಲಿಸಿದರು. ನನ್ನ ಗಂಡನೂ ಎದ್ದು ಬಂದು ನನ್ನ ಹಿಂದೆ ನಿಂತರು.

"ತಗೀ ಅದನ್ನ" ಎಂದರು ಅತ್ತೆ.

"ಬ್ಯಾಡ ಆಯಿ."

"ನಾ ಹೇಳಾಕತ್ತೀನಿ, ತಗೀ."

ಕಾಜಲ ದಸ್ತಿ ಇಳಿಸಿದಳು. ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು, ಕೊನೆಗೆ ಎದೆ ತುಂಬ ಉಸಿರು ತೆಗೆದುಕೊಂಡಳು. ನಾವು ಮೂವರೂ ಸೀನು ಬರುತ್ತದೆಂದು ಅವಳ ಮೂಗನ್ನೇ ನೋಡುತ್ತ ನಿಂತೆವು.

ಸೀನು ಬರಲಿಲ್ಲ. ಕಾಜಲ ದಸ್ತಿಯನ್ನು ಮಡಚಿ, ಬಿಚ್ಚದೆ ಇಟ್ಟಿದ್ದ ತನ್ನ ಚೀಲದ ಮೇಲೆ ಎಸೆದು ಅಜ್ಜಿಯ ಪಕ್ಕ ಹೋಗಿ ಕೂತಳು.

"ಹಿಂಗ್ಯಾಕ ನೋಡಾಕತ್ತೀರಿ ಎಲ್ಲಾರೂ? ಚಾ ಮಾಡವ್ವಾ" ಎಂದಳು.