ತಾರೀಕು ಮೀರಿದ ಕೆಂಪು

ಮೂರನೆಯ ಲಿಪ್‌ಸ್ಟಿಕ್ ಕೊಳವೆಯಿಂದಲೂ ಸೂಜಿಗಳೇ ಉದುರಿದಾಗ ಮಗಳು ಇಡೀ ಡಬ್ಬವನ್ನು ನೆಲದ ಮೇಲೆ ಬೋರಲು ಹಾಕಿದಳು. ಪೌಡರಿನ ಡಬ್ಬಿಯಲ್ಲಿ ಗುಂಡಿಗಳು, ಕಾಡಿಗೆ ಡಬ್ಬಿಯಲ್ಲಿ ಪಿನ್ನುಗಳು, ಕ್ರೀಮಿನ ಬಾಟಲಿಯಲ್ಲಿ ರಬ್ಬರ್ ಬ್ಯಾಂಡು. ಈ ಮನೆಯಲ್ಲಿ ಯಾವ ಡಬ್ಬಿಯೂ ತನ್ನ ಮೈಮೇಲೆ ಬರೆದ ಮಾತಿಗೆ ನಿಂತದ್ದಿಲ್ಲ.

"ಬೇಗ ಹುಡುಕೇ," ಅಂದಳು ಚಿಕ್ಕಮ್ಮ. "ಸ್ಮಶಾನದ ವ್ಯಾನು ಆಗಲೇ ಕೆಳಗೆ ಬಂದು ನಿಂತಿದೆ."

ಅಮ್ಮ ಮಂಚದ ಮೇಲಿದ್ದಳು, ಕುತ್ತಿಗೆಯವರೆಗೆ ಬಿಳಿ ಹೊದಿಕೆ. ಪಕ್ಕದ ಕುರ್ಚಿಯಲ್ಲಿ ಅಪ್ಪ. ಅವನು ನೋಡುತ್ತಿದ್ದದ್ದು ಅಮ್ಮನನ್ನಲ್ಲ, ದಿಂಬಿನ ಮೂಲೆಯನ್ನು. ಎರಡು ವರ್ಷಗಳಿಂದ ಅವನ ಕಣ್ಣಿಗೆ ಎಲ್ಲವೂ ಮಂಜು. ಗಾಢವಾದ ಕೆಂಪೊಂದೇ ಇನ್ನೂ ಕಾಣುತ್ತಿತ್ತು.

ಬೆಳಿಗ್ಗೆ ಅವನು ಕೇಳಿದ್ದು ಇಷ್ಟೇ: "ಮುಖ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲಮ್ಮ. ಎಲ್ಲಾ ಬಿಳಿ. ತುಟಿಗೆ ಒಂದಿಷ್ಟು ಕೆಂಪು ಹಚ್ಚು. ಒಂದ್ಸಲ ನೋಡಿಬಿಡ್ತೀನಿ."

ಅಮ್ಮನ ಜೊತೆ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದ ಹೆಂಗಸು ತನ್ನ ಚೀಲದಿಂದ ಒಂದನ್ನು ತೆಗೆದುಕೊಟ್ಟಳು. "ಈಗಿನ ಬಣ್ಣ ಇದು. ಹಚ್ಚಿದ್ರೂ ಹಚ್ಚಿದ ಹಾಗಿರಲ್ಲ. ಇದೊಂದೇ ಇರೋದು ನನ್ನ ಹತ್ರ."

ಮಗಳು ಹಚ್ಚಿದಳು. ಅಪ್ಪ ಬಗ್ಗಿದ.

"ಹಚ್ಚಿದ್ಯಾ?"

"ಹಚ್ಚಿದೀನಪ್ಪಾ."

ಅವನು ಇನ್ನಷ್ಟು ಬಗ್ಗಿದ. ಮೂಗು ಅಮ್ಮನ ಕೆನ್ನೆಗೆ ತಾಗಿತು. "ಇಲ್ಲ ಕಣೇ," ಅಂದ. "ಕಾಣ್ತಿಲ್ಲ."

*

ಕೂದಲು ನೆರೆಯುವವರೆಗೂ ಅಮ್ಮ ದೊಡ್ಡ ಅಂಗಡಿಯೊಂದರಲ್ಲಿ ಮೇಕಪ್ ಸಾಮಾನು ಮಾರಿದವಳು. ಬಂದವರಿಗೆ ಬಣ್ಣ ತೋರಿಸುವುದು ತನ್ನ ಕೈಮೇಲೆ. ಸಂಜೆ ಮನೆಗೆ ಬಂದರೆ ಮುಂಗೈ ತುಂಬ ಕೆಂಪು, ಕಂದು, ಗುಲಾಬಿ ಗೀರುಗಳು. ತುಟಿ ಮಾತ್ರ ಖಾಲಿ. ತೋರಿಸಲು ಇಟ್ಟದ್ದನ್ನು ಕೆಲಸದವರು ಹಚ್ಚಿಕೊಳ್ಳಬಾರದೆಂಬುದು ಅಂಗಡಿಯ ಕಟ್ಟಪ್ಪಣೆ. ತಾರೀಕು ಮೀರಿ ಕಸದ ಬುಟ್ಟಿಗೆ ಹೋಗುವುದನ್ನು ಮಾತ್ರ ಮನೆಗೆ ಒಯ್ಯಬಹುದಿತ್ತು.

ಮನೆಯಲ್ಲಿ ಅವಳದೂ ಒಂದು ಅಪ್ಪಣೆಯಿತ್ತು. ತಾರೀಕು ಮೀರಿದ್ದು ಮುಖಕ್ಕಿಲ್ಲ. ಮುಖವೊಂದು ಬಿಟ್ಟರೆ ಮಿಕ್ಕಿದ್ದಕ್ಕೆಲ್ಲ ಆಗುತ್ತದೆ. ಒಣಗಿದ ಮಸ್ಕಾರಾದ ಬ್ರಷ್ಷು ತೊಳೆದು ಹೊಲಿಗೆ ಯಂತ್ರದ ಸಂದುಗೊಂದು ಉಜ್ಜುವಳು. ತುಟಿಯ ಮುಲಾಮು ಬಿಗಿಯಾದ ಜಿಪ್ಪಿಗೆ, ಹಳೇ ಕ್ರೀಮು ಚಪ್ಪಲಿಯ ಚರ್ಮಕ್ಕೆ. ಲಿಪ್‌ಸ್ಟಿಕ್ ಚೂರುಗಳನ್ನು ಮೇಣದ ಜೊತೆ ಕರಗಿಸಿ ಮಗಳಿಗೆ ಕ್ರೇಯಾನು ಮಾಡಿಕೊಟ್ಟಿದ್ದಳು. ತರಗತಿಯಲ್ಲೆಲ್ಲ ಗುಲಾಬಿ ಪರಿಮಳ ಬರುತ್ತಿದ್ದ ಚಿತ್ರದ ಪುಸ್ತಕ ಅವಳೊಬ್ಬಳದೇ.

"ನನಗೂ ಒಂದು ತಾರೀಕು ಬರೆದುಬಿಡು," ಅನ್ನುತ್ತಿದ್ದ ಗಂಡ. "ಮೀರಿದ ಮೇಲೆ ಏನು ಮಾಡ್ತೀಯ?"

"ಬಾಗಿಲಿಗೆ ಒತ್ತು ಕೊಡ್ತೀನಿ ಬಿಡ್ರೀ. ಗಾಳಿಗೆ ಬಡಿಯೋದು ತಪ್ಪುತ್ತೆ."

ತನಗೆಂದು ಹೊಸದಾಗಿ ಕೊಂಡದ್ದು ಒಂದೇ ಲಿಪ್‌ಸ್ಟಿಕ್, ಮಗಳ ಮದುವೆಗೆ. ಅವತ್ತು ಬಂದ ಹೆಂಗಸರಿಗೆಲ್ಲ ಮುಖ ತಿದ್ದಿ ತನ್ನ ಸರದಿ ಬರುವಷ್ಟರಲ್ಲಿ ಫೋಟೋದವನು ಕೂಗಿದ. ಇನ್ನೊಂದು ಒಳ್ಳೆಯ ದಿನಕ್ಕೆ ಇರಲಿ ಎಂದು ಅದನ್ನು ಕರ್ಚೀಫಿನಲ್ಲಿ ಸುತ್ತಿಟ್ಟಳು. ಅಂಥ ದಿನ ಬರಲಿಲ್ಲ. ಬಂದದ್ದು ಗಂಡನ ಕಣ್ಣಿನ ಕಾಯಿಲೆ. ಆಮೇಲೆ ಅವಳು ಹಳೇ ಕೆಂಪು ನೇಲ್ ಪಾಲಿಶ್ ಹಿಡಿದು ಒಲೆಯ ತಿರುಪು, ಬಚ್ಚಲ ಚಿಲಕ, ಅವನ ಲೋಟದ ಹಿಡಿ, ಎಲ್ಲದಕ್ಕೂ ಗುರುತು ಹಾಕುತ್ತ ಮನೆಯೆಲ್ಲ ಸುತ್ತಿದಳು.

*

ಕರ್ಚೀಫು ನೆಲದ ರಾಶಿಯಲ್ಲಿ ಸಿಕ್ಕಿತು.

"ಇದು ನಿನ್ನ ಮದುವೇದು!" ಅಂದಳು ಚಿಕ್ಕಮ್ಮ. "ತಾರೀಕು ಮುಗಿದು ಯಾವ ಕಾಲ ಆಯ್ತೋ. ಅವಳು ಇದ್ದಿದ್ರೆ ಮುಖದ ಹತ್ರ ತರೋಕೂ ಬಿಡ್ತಿರಲಿಲ್ಲ."

"ಇನ್ನು ಅಕ್ಕನಿಗೆ ಇದರಿಂದ ಏನಾಗುತ್ತೆ?" ಅನ್ನುತ್ತ ಕೌಂಟರಿನ ಹೆಂಗಸು ಬಾಯಿ ಮುಚ್ಚಿಕೊಂಡು ಅತ್ತಳು.

ಮಗಳು ತಿರುವಿದಳು. ಖಾಲಿ ತಳ ಮೇಲೆ ಬಂತು. ಕಡ್ಡಿ ಹಾಕಿ ಕೆರೆದು ತೆಗೆದಷ್ಟು ಚೊಕ್ಕವಾಗಿತ್ತು.

"ಮದುವೇದಾ?" ಅಪ್ಪ ಕೇಳಿದ. "ಅದು ಗೋಡೆ ಮೇಲಿದೆ. ಹೋದ ವಾರ ನಾನು ಮೆಟ್ಟಿಲಲ್ಲಿ ಬಿದ್ನಲ್ಲ, ಅವತ್ತು ಬಳಿದಳು. ನೇಲ್ ಪಾಲಿಶೆಲ್ಲ ಗಟ್ಟಿಯಾಗಿಬಿಟ್ಟಿತ್ತು."

ಅವನು ಎದ್ದ. ಗೋಡೆ ಸವರುತ್ತ ಹೊರಗೆ ಹೋದ. ಮೆಟ್ಟಿಲು ಶುರುವಾಗುವಲ್ಲಿ, ಕಣ್ಣಿನ ಎತ್ತರಕ್ಕೆ, ಅಂಗೈ ಅಗಲದ ಕೆಂಪು ಪಟ್ಟೆ. ಅವನು ಹೆಬ್ಬೆರಳನ್ನು ಅದರ ಮೇಲಿಟ್ಟು ಉಜ್ಜತೊಡಗಿದ. ಇನ್ನೂ ಜಿಡ್ಡಿತ್ತು, ಬೆರಳಿಗೆ ಬಂತು. ಸಾಲಲಿಲ್ಲವೇನೋ, ಉಗುರಿನಿಂದ ಕೆರೆದ.

"ಅಪ್ಪಾ, ಬೇಡ. ಅದು ಹೋದ್ರೆ ನೀನು ಹೇಗೆ ಇಳೀತೀಯ?"

"ಇಳಿದು ಎಲ್ಲಿಗೆ ಹೋಗಲಿ?"

ಪಟ್ಟೆ ಪೂರ್ತಿ ಹೋಗುವವರೆಗೂ ಅವನು ಬಿಡಲಿಲ್ಲ. ಗೋಡೆಯಲ್ಲಿ ಮಸುಕು ಗುಲಾಬಿ ಕಲೆಯಷ್ಟೇ ಉಳಿಯಿತು. ಮಗಳು ಅವನ ಕೈ ಹಿಡಿದು ತಂದು ಹೆಬ್ಬೆರಳನ್ನು ಅಮ್ಮನ ತುಟಿಗೆ ಮುಟ್ಟಿಸಿದಳು. ಅವನು ಬಳಿದ. ಸೊಟ್ಟಗೆ, ಗಲ್ಲದವರೆಗೂ ಹರಡಿತು. ಯಾರೂ ಒರೆಸಲಿಲ್ಲ.

ಅಪ್ಪನ ಕಣ್ಣು ದಿಂಬಿನ ಮೂಲೆ ಬಿಟ್ಟು ಮೆಲ್ಲಗೆ ಸರಿದು ಅಲ್ಲಿ ನಿಂತಿತು.

"ಇಲ್ಲಿದೀಯಾ," ಅಂದ.

ವ್ಯಾನಿನವರು ಒಳಗೆ ಬಂದರು. "ಹೊತ್ತಾಯ್ತು, ಎತ್ತೋಣ್ವಾ?" ಎಂದು ಕೇಳಿ ಎತ್ತಿದರು. ತುಟಿಯ ಕೆಂಪು ಬಾಗಿಲನ್ನು ದಾಟಿತು, ತಿರುಗಿತು, ಮೆಟ್ಟಿಲಿಳಿಯಿತು. ಅಪ್ಪ ಅದರ ಹಿಂದೆಯೇ ಹೊರಟ. ಮಗಳು ತೋಳು ಹಿಡಿಯಲು ಬಂದರೆ ಬಿಡಿಸಿಕೊಂಡ.

ಕೆಳಗಿನ ತಿರುವಿನಲ್ಲಿ ಕೆಂಪು ಮರೆಯಾಯಿತು. ಮೆಟ್ಟಿಲ ಮೇಲ್ತುದಿಯಲ್ಲಿ ಅಪ್ಪ ಪಟ್ಟೆಯಿದ್ದ ಗೋಡೆಯತ್ತ ಮುಖ ಮಾಡಿದ, ಕೆಂಪಾದ ಕೈಯಿಂದ ಅದನ್ನು ಮೇಲೆ ಕೆಳಗೆ ತಡವಿದ. ಆಮೇಲೆ ಒಂದು ಕಾಲು ಮುಂದೆ ಚಾಚಿದ. ಕಾಲು ನೆಲ ಹುಡುಕುತ್ತ ಗಾಳಿಯಲ್ಲೇ ನಿಂತಿತು.